ಮನೆಗೆ ಫೈಬರ್ ಎಳೆಸುವುದೋ, ಏರ್‌ಫೈಬರ್ ಹಾಕಿಸುವುದೋ, 4ಜಿ ರೌಟರೇ ಸಾಕೋ?

ದೇಶದ ದೂರಸಂಪರ್ಕ ಜಾಲ ಈಗ ಏಕಕಾಲಕ್ಕೆ ಮೂರು ಕಡೆ ಬದಲಾಗುತ್ತಿದೆ. 2022ರ ಅಕ್ಟೋಬರ್ 1ರಂದು ಶುರುವಾದ 5ಜಿ ದೊಡ್ಡ ಊರುಗಳನ್ನು ದಾಟಿ ತಾಲ್ಲೂಕು ಕೇಂದ್ರಗಳಿಗೆ ಬಂದಿದೆ. ಬಿಎಸ್‌ಎನ್‌ಎಲ್ ತಡವಾಗಿಯಾದರೂ 2025ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿ 4ಜಿಯನ್ನು ಅಧಿಕೃತವಾಗಿ ಚಾಲೂ ಮಾಡಿತು. ಅದರ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜಾಲದ ಮಿದುಳಿನಂತಿರುವ ಕೋರ್ ಸರ್ಕಾರಿ ಸಂಸ್ಥೆ ಸಿ-ಡಾಟ್‌ನದು, ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ಮೂರನೆಯ ಬದಲಾವಣೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ತಾಮ್ರದ ತಂತಿ ಹೋಗುತ್ತಿದೆ, ಅದರ ಜಾಗಕ್ಕೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ, ಅಂದರೆ ಫೈಬರ್, ಬರುತ್ತಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಗೆ 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತ ಮಂಜೂರಾಗಿದೆ.

ಇದರಿಂದ ಮನೆಯವರಿಗೆ ಆಗಿರುವುದು ಇಷ್ಟು: ಮೊದಲು ಒಂದೇ ದಾರಿ ಇದ್ದ ಕಡೆ ಈಗ ಮೂರು ನಾಲ್ಕು ದಾರಿ. ಎಲ್ಲರೂ ಹೇಳುವುದು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಲೆಕ್ಕವನ್ನೇ. ಆದರೆ 100 ಎಂಬಿಪಿಎಸ್ ಎಂದು ಬರೆದ ಎರಡು ಸಂಪರ್ಕಗಳು ರಾತ್ರಿ ಒಂಬತ್ತಕ್ಕೆ ಒಂದೇ ರೀತಿ ನಡೆಯುವುದಿಲ್ಲ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಆಯ್ಕೆ ಮಾಡುವಾಗ ನೋಡಬೇಕಾದದ್ದು ಕೊನೆಯ ಅರ್ಧ ಕಿಲೋಮೀಟರನ್ನು. ನಿಮ್ಮ ಮನೆ ಮುಂದಿನ ಕಂಬದವರೆಗೆ ಏನು ಬಂದಿದೆ, ತಾರಸಿ ಮೇಲೆ ನಿಂತರೆ ಯಾವ ಟವರ್ ಕಾಣುತ್ತದೆ, ಕೆಟ್ಟಾಗ ಯಾರು ಏಣಿ ಹಿಡಿದುಕೊಂಡು ಬರುತ್ತಾರೆ ಎಂಬುದೇ ಮುಖ್ಯ.

ಫೈಬರ್: ಸಿಕ್ಕರೆ ಇದೇ, ಆದರೆ ಕೆಲಸ ನೋಡಿ

ಮನೆ ಹತ್ತಿರ ಫೈಬರ್ ಇದ್ದು, ಅದನ್ನು ನೋಡಿಕೊಳ್ಳುವವರು ಊರಲ್ಲೇ ಇದ್ದರೆ ಉಳಿದ ಆಯ್ಕೆಗಳ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ವಿಳಂಬ ಕಡಿಮೆ, ಅಪ್‌ಲೋಡ್ ಚೆನ್ನಾಗಿರುತ್ತದೆ, ತಿಂಗಳ ಡೇಟಾ ಮಿತಿ ಸಾಮಾನ್ಯವಾಗಿ 3300 ಜಿಬಿ. ಆದರೆ ಫೈಬರ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಮನೆಗಳಿಗೆ ಬರುವ ಫೈಬರ್ ಬಹುಪಾಲು ಒಂದೇ ಎಳೆಯನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ತಂತ್ರಜ್ಞಾನದ್ದು. ಆಪರೇಟರ್‌ನ ಕೋಣೆಯಲ್ಲಿ ಓಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅದರ ಒಂದೊಂದು ಪೋರ್ಟಿನಿಂದ ಒಂದು ಎಳೆ ಹೊರಡುತ್ತದೆ, ದಾರಿಯಲ್ಲಿ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಕಂಬಕ್ಕೂ ಮನೆಗೂ ನಡುವೆ ವಿದ್ಯುತ್ ಬೇಕಾದ ಯಾವ ಉಪಕರಣವೂ ಇಲ್ಲ. ಗಟ್ಟಿತನ ಇರುವುದು ಇಲ್ಲಿಯೇ. ಒಂದು ಪೋರ್ಟಿನಲ್ಲಿ ಕೆಳಕ್ಕೆ 2.5 ಜಿಬಿಪಿಎಸ್, ಮೇಲಕ್ಕೆ 1.25 ಜಿಬಿಪಿಎಸ್ ಹರಿಯುತ್ತದೆ (1 ಜಿಬಿಪಿಎಸ್ ಎಂದರೆ 1000 ಎಂಬಿಪಿಎಸ್). 64 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ತಲಾ 39 ಎಂಬಿಪಿಎಸ್ ಸಿಗುತ್ತದೆ, ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ.

ಹಾಗಾದರೆ ಸಂಜೆ ಹೊತ್ತು ನಿಧಾನವಾಗುವುದೇಕೆ? ಕಾರಣ ಬಹಳ ಸಲ ಮನೆಯ ಕಡೆಯದಲ್ಲ, ಓಎಲ್‌ಟಿಯ ಹಿಂದಿನದು. ಎಂಟು ಪೋರ್ಟಿನ ಓಎಲ್‌ಟಿಗೆ 512 ಮನೆ ಕಟ್ಟಿ, ಅದಕ್ಕೆ ಇಂಟರ್ನೆಟ್ ತರುವ ಹಿಂಬದಿಯ ಕೊಂಡಿ 1 ಜಿಬಿಪಿಎಸ್ ಮಾತ್ರ ಇಟ್ಟರೆ ತುಂಬಿದ ಹೊತ್ತಲ್ಲಿ ತಲಾ 2 ಎಂಬಿಪಿಎಸ್ ಬೀಳುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಆ ಆಪರೇಟರ್‌ನ ಸಂಪರ್ಕ ಈಗಾಗಲೇ ಇರುವ ಪಕ್ಕದ ಮನೆಯಲ್ಲಿ ಬೆಳಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆಯಲು ಹೇಳಿ. ವೈಫೈ ಬೇಡ, ಲ್ಯಾಪ್‌ಟಾಪಿಗೆ ತಂತಿ ಚುಚ್ಚಿಯೇ ಅಳೆಯಬೇಕು. ಬೆಳಗ್ಗೆ 95, ರಾತ್ರಿ 80 ಬಂದರೆ ಸರಿ. ರಾತ್ರಿ 15ಕ್ಕೆ ಇಳಿದರೆ ಅವರ ಹತ್ತಿರ ದೊಡ್ಡ ಪ್ಲಾನ್ ತೆಗೆದುಕೊಂಡರೂ ಅಷ್ಟೇ.

ಇನ್ನು ಬೆಳಕಿನ ಲೆಕ್ಕ. ಇದು ಗೊತ್ತಿದ್ದರೆ ಇನ್‌ಸ್ಟಾಲ್ ಮಾಡಲು ಬಂದ ಹುಡುಗನ ಕೆಲಸ ಅಳೆಯಬಹುದು. ಶಕ್ತಿಯನ್ನು ಡಿಬಿಎಂನಲ್ಲಿ, ದಾರಿಯ ನಷ್ಟವನ್ನು ಡಿಬಿಯಲ್ಲಿ ಹೇಳುತ್ತಾರೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಓಎಲ್‌ಟಿಯಿಂದ ಬೆಳಕು ಸುಮಾರು +3 ಡಿಬಿಎಂ ಶಕ್ತಿಯಲ್ಲಿ ಹೊರಡುತ್ತದೆ. 32 ಕವಲಿನ ಸ್ಪ್ಲಿಟರ್ ಸುಮಾರು 17 ಡಿಬಿ ತಿನ್ನುತ್ತದೆ. ಎಂಟು ಕಿಲೋಮೀಟರ್ ಫೈಬರ್, ಕಿಲೋಮೀಟರಿಗೆ ಹೆಚ್ಚೆಂದರೆ 0.35ರಂತೆ, 2.8 ಡಿಬಿ. ನಾಲ್ಕು ಫ್ಯೂಷನ್ ಸ್ಪ್ಲೈಸ್‌ಗೆ (ಕರಗಿಸಿ ಬೆಸೆದ ಜೋಡಣೆಗೆ) ತಲಾ 0.1, ನಾಲ್ಕು ಕನೆಕ್ಟರ್‌ಗೆ ತಲಾ 0.3. ಒಟ್ಟು ನಷ್ಟ 21.4 ಡಿಬಿ. ಮನೆಯ ಡಬ್ಬಿಗೆ, ಅಂದರೆ ಓಎನ್‌ಟಿಗೆ, ತಲುಪುವುದು -18.4 ಡಿಬಿಎಂ. ಇದು ಒಳ್ಳೆಯ ಅಂಕಿ. ಸಾಮಾನ್ಯ ಓಎನ್‌ಟಿ -27ರವರೆಗೆ ಹಿಡಿಯುತ್ತದೆ.

ಅದೇ ದಾರಿಯಲ್ಲಿ ಎಂಟರ ಸ್ಪ್ಲಿಟರ್‌ನ ಹಿಂದೆ ಇನ್ನೊಂದು ಎಂಟರದ್ದು ಹಾಕಿ 64 ಮನೆ ಮಾಡಿದರೆ ಸ್ಪ್ಲಿಟರ್‌ಗಳೇ 21 ಡಿಬಿ ತಿನ್ನುತ್ತವೆ, ಮನೆಗೆ -22.4 ಉಳಿಯುತ್ತದೆ. ಇದೂ ನಡೆಯುತ್ತದೆ. ಆದರೆ ಇದರ ಮೇಲೆ ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಎರಡು ಬಂದವು, ಕಿಟಕಿಯ ಮೂಲೆಯಲ್ಲಿ ಎಳೆ ಚೂಪಾಗಿ ಮಡಚಿತು ಎಂದಿಟ್ಟುಕೊಳ್ಳಿ. ನಾಲ್ಕು ಡಿಬಿ ಹೋಗಿ -26 ಆಯಿತು. ಅಂಥ ಸಂಪರ್ಕ ಬಿಸಿಲಿದ್ದ ದಿನ ನಡೆಯುತ್ತದೆ, ಕನೆಕ್ಟರ್‌ನೊಳಗೆ ತೇವ ಸೇರಿದ ದಿನ ಬಿಟ್ಟು ಬಿಟ್ಟು ಬರುತ್ತದೆ. ಕಂಪನಿಗೆ ದೂರು ಕೊಟ್ಟರೆ ಅವರು ನೋಡುವ ಹೊತ್ತಿಗೆ ಸರಿಯಾಗಿರುತ್ತದೆ.

ಆದ್ದರಿಂದ ಇನ್‌ಸ್ಟಾಲ್ ಮುಗಿದ ಮೇಲೆ ಸಹಿ ಹಾಕುವ ಮುನ್ನ ಕೇಳಬೇಕಾದ ಒಂದೇ ಪ್ರಶ್ನೆ: "ಪವರ್ ಎಷ್ಟು ಬರ್ತಿದೆ?" ಅವರ ಹತ್ತಿರ ಪವರ್ ಮೀಟರ್ ಇರುತ್ತದೆ. -15ರಿಂದ -23ರ ನಡುವೆ ಇದ್ದರೆ ಒಪ್ಪಿಕೊಳ್ಳಿ. -25 ಅಂದರೆ ಕನೆಕ್ಟರ್ ಮತ್ತೊಮ್ಮೆ ಮಾಡಿಸಿ, ಮಡಿಕೆಗಳನ್ನು ನೋಡಿಸಿ. ಆ ಅಂಕಿಯನ್ನು ದಿನಾಂಕದೊಂದಿಗೆ ಡಬ್ಬಿಯ ಬೆನ್ನಿಗೆ ಬರೆದಿಡಿ. ಆರು ತಿಂಗಳ ಮೇಲೆ ಹಾಳಾದಾಗ ಎಷ್ಟು ಇಳಿದಿದೆ ಎಂದು ತಿಳಿಯಲು ಅದೊಂದೇ ದಾಖಲೆ. ಕೆಲವು ಓಎನ್‌ಟಿಗಳಲ್ಲಿ ಬ್ರೌಸರ್‌ನಲ್ಲಿ ರೌಟರ್ ಪುಟ ತೆರೆದರೆ ಆಪ್ಟಿಕಲ್ ಪವರ್ ಎಂದು ನೀವೇ ಓದಬಹುದು.

ಡಬ್ಬಿಯ ದೀಪಗಳೂ ಅರ್ಧ ರೋಗ ಹೇಳುತ್ತವೆ. ಲಾಸ್ (LOS) ಎಂಬ ಕೆಂಪು ದೀಪ ಹೊತ್ತಿದರೆ ಬೆಳಕೇ ಬರುತ್ತಿಲ್ಲ: ಎಳೆ ತುಂಡಾಗಿದೆ, ಕಳಚಿದೆ ಅಥವಾ ಪೂರಾ ಮಡಚಿದೆ. ಕೆಂಪು ಇಲ್ಲದೆ ಪಾನ್ (PON) ದೀಪ ಮಾತ್ರ ಮಿನುಗುತ್ತಿದ್ದರೆ ಬೆಳಕು ಬರುತ್ತಿದೆ, ಓಎಲ್‌ಟಿ ನಿಮ್ಮ ಡಬ್ಬಿಯನ್ನು ಗುರುತಿಸುತ್ತಿಲ್ಲ. ಪಾನ್ ಸ್ಥಿರವಾಗಿ ಹಸಿರಾಗಿದ್ದು ಇಂಟರ್ನೆಟ್ ಇಲ್ಲದಿದ್ದರೆ ತೊಂದರೆ ಖಾತೆಯದೋ ಹಿಂಬದಿ ಜಾಲದ್ದೋ ಆಗಿರುತ್ತದೆ, ಲೈನ್‌ಮ್ಯಾನ್ ಬಂದು ಮಾಡುವುದೇನಿಲ್ಲ. ಫೋನಿನಲ್ಲಿ ದೂರು ಕೊಡುವಾಗ ಈ ದೀಪದ ಸಂಗತಿ ಮೊದಲೇ ಹೇಳಿದರೆ ಒಂದು ದಿನ ಉಳಿಯುತ್ತದೆ.

ಎಳೆ ಕೀಳುವುದಕ್ಕೆ ಕಾರಣಗಳು ಊರಿಂದ ಊರಿಗೆ ಬೇರೆ. ಬೆಂಗಳೂರಿನಲ್ಲಿ ರಸ್ತೆ ಅಗೆತ, ಮರದಲ್ಲಿ ನೇತಾಡುವ ಕೇಬಲ್ ಕತ್ತರಿಸುವ ಕಾರ್ಯಾಚರಣೆ. ಮಲೆನಾಡು, ಕರಾವಳಿಯಲ್ಲಿ ತೆಂಗಿನ ಗರಿ, ಅಡಿಕೆ ಸೋಗೆ, ಮಂಗ, ಅಳಿಲು. ತೋಟದ ನಡುವೆ ಮೇಲಿನಿಂದ ಎಳೆದ ಲೈನ್ ಬೇಗ ಹರಿಯುತ್ತದೆ. ಕೊನೆಯ ಐವತ್ತು ಮೀಟರನ್ನಾದರೂ ಎಚ್‌ಡಿಪಿಇ ಪೈಪಿನೊಳಗೆ ನೆಲದಡಿ ತರಿಸಿದರೆ ಖರ್ಚು ಒಮ್ಮೆ ಮಾತ್ರ. ಮನೆಯೊಳಗೆ ಹಾಕುವ ಎಳೆ ಜಿ.657 ದರ್ಜೆಯದಾಗಿರಲಿ. ಅದರ ಎ2 ಮಾದರಿ 7.5 ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತಾಳುತ್ತದೆ. ಹೊರಗಿನ ಹಳೆಯ ಜಿ.652 ಎಳೆಗೆ 30 ಮಿಲಿಮೀಟರ್ ಬೇಕು. ಇನ್ನೊಂದು ಸಣ್ಣ ವಿಷಯ: ಹಸಿರು ತುದಿಯ ಎಪಿಸಿ ಕನೆಕ್ಟರನ್ನು ನೀಲಿ ತುದಿಯ ಯುಪಿಸಿ ಸಾಕೆಟ್ಟಿಗೆ ಚುಚ್ಚಿದರೆ ಕೂರುತ್ತದೆ, ಬೆಳಕೂ ಸ್ವಲ್ಪ ಹಾಯುತ್ತದೆ, ಆದರೆ ಒಂದರ ಮುಖ ಓರೆ, ಇನ್ನೊಂದರದು ನೇರ. ನಷ್ಟ ಹಲವು ಡಿಬಿ. ಬಣ್ಣ ಹೊಂದುತ್ತಿದೆಯೇ ನೋಡಿ.

ಯಾರ ಫೈಬರ್ ಎಂಬ ಪ್ರಶ್ನೆಗೆ ಬರೋಣ. ನಗರದಲ್ಲಿ ಜಿಯೋ, ಏರ್‌ಟೆಲ್ ಮತ್ತು ಸ್ಥಳೀಯ ಕೇಬಲ್‌ನವರ ನಡುವೆ ಪೈಪೋಟಿ ಇರುತ್ತದೆ, ಅಪಾರ್ಟ್‌ಮೆಂಟಿನವರಾದರೆ ಒಳಗೆ ಯಾರಿಗೆ ಅನುಮತಿ ಇದೆ ಎಂಬುದೇ ನಿರ್ಧಾರ. ಹಳ್ಳಿಯಲ್ಲಿ ಬಹಳ ಕಡೆ ಬಿಎಸ್‌ಎನ್‌ಎಲ್ ಫೈಬರನ್ನು ನಡೆಸುವುದು ಕಂಪನಿಯ ಜೊತೆ ಆದಾಯ ಹಂಚಿಕೊಳ್ಳುವ ಸ್ಥಳೀಯ ಪಾಲುದಾರ. ಬಿಲ್ಲು ಬಿಎಸ್‌ಎನ್‌ಎಲ್‌ನದು, ಕಂಬದ ಮೇಲಿನ ಎಳೆ ಆತನದು. ಅಲ್ಲಿ ನೀವು ಆರಿಸುತ್ತಿರುವುದು ಆ ಪಾಲುದಾರನನ್ನು. ಓಎಲ್‌ಟಿ ಇಟ್ಟ ಕೋಣೆಗೆ ಬ್ಯಾಟರಿ ಇದೆಯೇ, ಎಷ್ಟು ಗಂಟೆ ಬರುತ್ತದೆ, ಸ್ಪ್ಲೈಸಿಂಗ್ ಯಂತ್ರ ಸ್ವಂತದ್ದೋ ಬೇರೆ ಊರಿಂದ ತರಿಸುತ್ತಾರೋ ಎಂದು ಕೇಳಿ. ಸ್ವಂತ ಯಂತ್ರ ಇದ್ದವರ ಲೈನ್ ಅದೇ ದಿನ ಸರಿಯಾಗುತ್ತದೆ. ಇಲ್ಲದವರದು ವಾರ ಹಿಡಿದರೂ ಆಶ್ಚರ್ಯವಿಲ್ಲ.

ಏರ್‌ಫೈಬರ್: ತಾರಸಿಯಿಂದ ಟವರ್ ಕಾಣುವವರಿಗೆ

ಹೆಸರಿನಲ್ಲಿ ಫೈಬರ್ ಇದ್ದರೂ ಇದು ನಿಸ್ತಂತು. ತಾರಸಿಯ ಮೇಲೆ ಒಂದು ರೇಡಿಯೋ ಡಬ್ಬಿ, ಅದರಿಂದ ಕೆಳಗಿಳಿಯುವ ಈಥರ್ನೆಟ್ ತಂತಿ, ಒಳಗೆ ವೈಫೈ ರೌಟರ್. ಜಿಯೋ 2023ರ ಸೆಪ್ಟೆಂಬರ್ 19ರಂದು ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಇದನ್ನು ಶುರು ಮಾಡಿತು. ಏರ್‌ಟೆಲ್ ಅದಕ್ಕೂ ಒಂದು ತಿಂಗಳು ಮೊದಲು ದೆಹಲಿ, ಮುಂಬೈಗಳಲ್ಲಿ ಇಳಿಸಿತ್ತು. ಕಂಬದಿಂದ ಕಂಬಕ್ಕೆ ಎಳೆ ತರುವ ಜಂಜಾಟ ಇಲ್ಲದ್ದರಿಂದ ಬುಕ್ ಮಾಡಿದ ಒಂದೆರಡು ದಿನದಲ್ಲಿ ಸಂಪರ್ಕ ಸಿಗುತ್ತದೆ. ಬಾಡಿಗೆ ಮನೆಯವರಿಗೆ, ಹೊಸ ಲೇಔಟಿನವರಿಗೆ ಇದು ದೊಡ್ಡ ಅನುಕೂಲ.

ಡಬ್ಬಿಯನ್ನು ಹೊರಗೇ ಇಡಬೇಕೆಂಬುದಕ್ಕೆ ಕಾರಣವಿದೆ. 5ಜಿಯ ನಿಜವಾದ ವೇಗ ಇರುವುದು 3300 ಮೆಗಾಹರ್ಟ್ಸ್‌ನ ಎನ್78 ಬ್ಯಾಂಡಿನಲ್ಲಿ. 2022ರ ಹರಾಜಿನಲ್ಲಿ ಜಿಯೋ, ಏರ್‌ಟೆಲ್ ಎರಡೂ ಇದರಲ್ಲಿ 100 ಮೆಗಾಹರ್ಟ್ಸ್‌ನಷ್ಟು ಕೊಂಡವು. ಈ ತರಂಗಕ್ಕೆ ಆರ್‌ಸಿಸಿ ಗೋಡೆ ಎಂದರೆ ಆಗದು, ಒಂದು ಗೋಡೆಗೆ 15ರಿಂದ 20 ಡಿಬಿ ಹೋಗುತ್ತದೆ. ಹೊರಗಿದ್ದ ಸಿಗ್ನಲ್‌ನ ನೂರರಲ್ಲಿ ಒಂದರಿಂದ ಮೂರು ಪಾಲು ಮಾತ್ರ ಒಳಗೆ ಉಳಿಯಿತು ಎಂದರ್ಥ. ಫೋನಿನಲ್ಲಿ ಹಾಲ್‌ನಲ್ಲಿ 5ಜಿ ಬರುತ್ತಿಲ್ಲ ಎಂದು ಏರ್‌ಫೈಬರ್ ಬೇಡವೆನ್ನುವುದೂ ತಪ್ಪು. ಬೀದಿಯಲ್ಲಿ 500 ಎಂಬಿಪಿಎಸ್ ಬಂತೆಂದು ಕಣ್ಣುಮುಚ್ಚಿ ಹಾಕಿಸುವುದೂ ತಪ್ಪು.

ಎಲ್ಲ ಏರ್‌ಫೈಬರ್‌ಗಳೂ 5ಜಿ ಅಲ್ಲ ಎಂಬುದು ಜಾಹೀರಾತಿನಲ್ಲಿ ಕಾಣುವುದಿಲ್ಲ. ಜಿಯೋ ಕೆಲವು ಮನೆಗಳಿಗೆ ಪರವಾನಗಿ ಬೇಡದ 5 ಗಿಗಾಹರ್ಟ್ಸ್ ಬ್ಯಾಂಡಿನ ರೇಡಿಯೋ ಕೊಂಡಿ (ಯುಬಿಆರ್) ಕೊಡುತ್ತದೆ. ಅದಕ್ಕೆ ಎದುರಿನ ಕಟ್ಟಡದ ಡಬ್ಬಿ ನೇರವಾಗಿ ಕಾಣಲೇಬೇಕು. ನಡುವೆ ಹೊಸ ಮಹಡಿ ಎದ್ದರೆ ಮುಗಿಯಿತು. ಹಾಕಲು ಬಂದವರನ್ನು "ಇದು ಟವರ್‌ದಾ, ಯುಬಿಆರ್‌ದಾ" ಎಂದು ಕೇಳಿ, ಅವರಿಗೆ ಗೊತ್ತಿರುತ್ತದೆ.

ಇನ್‌ಸ್ಟಾಲ್ ಮಾಡುವ ದಿನ ಹೀಗೆ ಮಾಡಿ. ಡಬ್ಬಿಯನ್ನು ಗೋಡೆಗೆ ಬಿಗಿಸುವ ಮೊದಲು ತಾರಸಿಯ ಮೂರು ನಾಲ್ಕು ಜಾಗದಲ್ಲಿ ಹಿಡಿದು ನೋಡಲು ಹೇಳಿ, ಅವರ ಆ್ಯಪ್‌ನಲ್ಲಿ ಸಿಗ್ನಲ್ ಅಂಕಿ ಬರುತ್ತದೆ. ಸಿಗ್ನಲ್‌ನ ಬಲ ಹೇಳುವ ಆರ್‌ಎಸ್‌ಆರ್‌ಪಿ -85ರ ಆಸುಪಾಸು, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂದು ಹೇಳುವ ಎಸ್‌ಐಎನ್‌ಆರ್ 15ಕ್ಕಿಂತ ಮೇಲೆ ಇದ್ದ ಜಾಗ ಒಳ್ಳೆಯದು. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಎಸ್‌ಐಎನ್‌ಆರ್ ಆರಿಸಿ. ಬಲವಾದ ಆದರೆ ಗಲಾಟೆಯ ಸಿಗ್ನಲ್‌ಗಿಂತ ಸ್ವಲ್ಪ ಕ್ಷೀಣವಾದ ಶುಭ್ರ ಸಿಗ್ನಲ್ ಹೆಚ್ಚು ಹೊರುತ್ತದೆ. ಎದುರಿಗೆ ಮಾವಿನ ಮರವೋ ಹೊಂಗೆಯೋ ಇದ್ದರೆ ಮಳೆಗಾಲ ನೆನಪಿಡಿ. ಮಳೆಹನಿ ಈ ತರಂಗಾಂತರಕ್ಕೆ ದೊಡ್ಡ ಅಡ್ಡಿಯಲ್ಲ, ನೆನೆದ ಎಲೆ ಅಡ್ಡಿ. ಬೇಸಿಗೆಯಲ್ಲಿ ಅಳೆದ ಅಂಕಿ ಜುಲೈಗೆ ಸಲ್ಲುವುದಿಲ್ಲ.

ಫೈಬರಿಗೆ ಹೋಲಿಸಿದರೆ ಸೋಲುವ ಜಾಗಗಳು ಮೂರು. ಒಂದು, ಅಪ್‌ಲೋಡ್. ಎನ್78ರಲ್ಲಿ ಒಂದೇ ತರಂಗಾಂತರವನ್ನು ಕಾಲ ಹಂಚಿಕೊಂಡು ಬಳಸುತ್ತಾರೆ, ಅದರ ಸುಮಾರು ಮುಕ್ಕಾಲು ಪಾಲು ಡೌನ್‌ಲೋಡಿಗೆ ಮೀಸಲು. ದೊಡ್ಡ ವಿಡಿಯೋ ಫೈಲ್ ಮೇಲೇರಿಸುವವರಿಗೆ, ನಾಲ್ಕು ಸಿಸಿಟಿವಿ ಕ್ಯಾಮೆರಾ ಕ್ಲೌಡಿಗೆ ಬಿಟ್ಟವರಿಗೆ ಇದು ತಿಳಿಯುತ್ತದೆ. ಎರಡು, ಡೇಟಾ ಮಿತಿ. ಜಿಯೋ ಏರ್‌ಫೈಬರಿನ ಸಾಮಾನ್ಯ ಪ್ಲಾನ್‌ಗಳಲ್ಲಿ ತಿಂಗಳಿಗೆ 1000 ಜಿಬಿ. ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿ ಎಂದರೆ 330 ಗಂಟೆ, ಒಂದು ಟಿವಿಯ ಮನೆಗೆ ಧಾರಾಳ. 4ಕೆ ಆದರೆ ಗಂಟೆಗೆ 7 ಜಿಬಿ, ಎರಡು ಟಿವಿ ಓಡುವ ಮನೆಯಲ್ಲಿ ತಿಂಗಳ ಕೊನೆಗೆ ಬಿಗಿಯಾಗುತ್ತದೆ. ಮೂರು, ಹಂಚಿಕೆ. ಟವರಿನ ಅದೇ ಸೆಕ್ಟರಿನಲ್ಲಿ ಬೀದಿಯ ಫೋನುಗಳೂ ಇವೆ. ಇಂದು ಚೆನ್ನಾಗಿದ್ದದ್ದು ಪಕ್ಕದ ಐವತ್ತು ಮನೆಯವರು ಸೇರಿಕೊಂಡ ಮೇಲೆ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಆರು ತಿಂಗಳ, ವರ್ಷದ ಪ್ಲಾನ್ ಮೊದಲ ದಿನವೇ ಕಟ್ಟಬೇಡಿ. ವರ್ಷಕ್ಕೆ ಕಟ್ಟಿದರೆ ಇನ್‌ಸ್ಟಾಲೇಷನ್ ಉಚಿತ ಎಂಬ ಆಮಿಷ ಇರುತ್ತದೆ. ಆ ಸಾವಿರ ರೂಪಾಯಿ ಕೊಟ್ಟು ಒಂದು ತಿಂಗಳು ನೋಡುವುದೇ ಲಾಭ.

ಬೆಲೆಯ ಮಾತು ಬಂದಾಗ ಜಿಎಸ್‌ಟಿ ಮರೆಯಬೇಡಿ. 399ರ ಫೈಬರ್ ಪ್ಲಾನ್ 18 ಶೇಕಡಾ ಸೇರಿ 471 ಆಗುತ್ತದೆ, 599ರ ಏರ್‌ಫೈಬರ್ 707.

ಸಿಡಿಲಿನ ವಿಷಯದಲ್ಲಿ ಏರ್‌ಫೈಬರಿಗೆ ವಿಶೇಷ ಎಚ್ಚರ ಬೇಕು. ಫೈಬರ್ ಗಾಜಿನ ಎಳೆ, ಆಧಾರಕ್ಕೆ ಕೊಟ್ಟ ಉಕ್ಕಿನ ತಂತಿಯೊಂದನ್ನು ಬಿಟ್ಟರೆ ವಿದ್ಯುತ್ ಹರಿಯುವುದಿಲ್ಲ. ತಾರಸಿಯ ಡಬ್ಬಿಯಿಂದ ಇಳಿಯುವುದು ತಾಮ್ರ. ಮನೆಯ ಅತಿ ಎತ್ತರದ ಕಬ್ಬಿಣದ ಪೈಪಿಗೆ ಕಟ್ಟಿದರೆ ಸಿಡಿಲು ಕರೆದಂತೆ. ತಲೆಯ ಮೇಲೆ ಇನ್ನೇನಾದರೂ ಎತ್ತರ ಇರುವಂತೆ ಕೆಳಗೆ ಕಟ್ಟಿಸಿ, ಪೈಪಿಗೆ ಅರ್ಥಿಂಗ್ ಕೊಡಿಸಿ, ಗುಡುಗು ಶುರುವಾದಾಗ ಅಡಾಪ್ಟರನ್ನೂ ತಂತಿಯನ್ನೂ ಎರಡನ್ನೂ ಕಳಚಿ. ಅಡಾಪ್ಟರ್ ಮಾತ್ರ ಕಳಚಿದರೆ ತಂತಿಯಲ್ಲಿ ಬಂದದ್ದು ರೌಟರನ್ನು ಸುಡುತ್ತದೆ.

ಕರೆಂಟ್ ಹೋದಾಗ

ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನ್ ಮೊಳಗುತ್ತಿತ್ತು. ಫೈಬರಿಗೆ ಬದಲಾದ ಮೇಲೆ ಹಳೆಯ ನಂಬರ್ ಉಳಿಸಿಕೊಳ್ಳಬಹುದು, ಆ ಸೌಕರ್ಯ ಉಳಿಯುವುದಿಲ್ಲ. ಮನೆಯ ಓಎನ್‌ಟಿಗೆ ಕರೆಂಟ್ ಬೇಕು. ವಯಸ್ಸಾದವರು ಇಬ್ಬರೇ ಇರುವ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕು.

ಪರಿಹಾರ ಸರಳ. ಬಹುತೇಕ ಓಎನ್‌ಟಿಗಳು 12 ವೋಲ್ಟಿನವು, ಸುಮಾರು 8 ವ್ಯಾಟ್ ಬಳಸುತ್ತವೆ. 2600 ಎಂಎಎಚ್‌ನ ಮೂರು ಲಿಥಿಯಂ ಸೆಲ್ ಇರುವ ಮಿನಿ ಯುಪಿಎಸ್‌ನಲ್ಲಿ 29 ವ್ಯಾಟ್‌ಅವರ್ ಇರುತ್ತದೆ, ಪರಿವರ್ತನೆಯ ನಷ್ಟ ಕಳೆದು 24 ಉಳಿದರೆ ಮೂರು ಗಂಟೆ ನಡೆಯುತ್ತದೆ. ಏರ್‌ಫೈಬರಿನಲ್ಲಿ ಎರಡು ಡಬ್ಬಿ ಇರುವುದರಿಂದ ಅಷ್ಟು ಹೊತ್ತು ಬಾರದು. ಹೊರಗಿನ ಡಬ್ಬಿಯ ಅಡಾಪ್ಟರ್ 48 ವೋಲ್ಟಿನದಾಗಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ಕೆಲಸಕ್ಕೇ ಬಾರದು, ಮನೆ ಇನ್ವರ್ಟರ್ ಲೈನಿಗೆ ಕೊಡಬೇಕು. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲಿನ ಅಕ್ಷರ ಓದಿಕೊಳ್ಳಿ.

4ಜಿ ರೌಟರ್: ಕಾಡಂಚಿನ ಮನೆಗೆ

ಸಾಗರ, ಹೊಸನಗರ, ಸಿದ್ದಾಪುರ, ಮೂಡಿಗೆರೆ ಕಡೆಯ ಒಂಟಿ ಮನೆಗಳಿಗೆ ಫೈಬರ್ ಎಂದರೆ ಎರಡು ಕಿಲೋಮೀಟರ್ ಕಾಡೊಳಗೆ ಎಳೆಯುವ ಮಾತು, 5ಜಿ ಟವರ್ ಗುಡ್ಡದಾಚೆ. ಅಲ್ಲಿ ಉಳಿಯುವುದು 4ಜಿ. ಟವರೇ ಇಲ್ಲದ ಹಳ್ಳಿಗಳಿಗಾಗಿ 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ 26,316 ಕೋಟಿ ರೂಪಾಯಿಯ 4ಜಿ ಯೋಜನೆಯ ಕೆಲಸ ಬಿಎಸ್‌ಎನ್‌ಎಲ್‌ನದೇ. ಆದ್ದರಿಂದ ಈ ಭಾಗದಲ್ಲಿ ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಅದರ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಗುಡ್ಡ, ಮರಗಳ ನಡುವೆ ನುಸುಳಿ ಬರುವುದು 700. ಕೊಳ್ಳುವ ರೌಟರಿನಲ್ಲಿ ಈ 700ಕ್ಕೆ ಬೇಕಾದ ಬ್ಯಾಂಡ್ 28 ಇದೆಯೇ ನೋಡಿ. ಬ್ಯಾಂಡ್ 3, 5, 40 ಮಾತ್ರ ಇರುವ ಅಗ್ಗದ ಡಾಂಗಲ್ ಅಲ್ಲಿ ನಿರುಪಯೋಗಿ. ಹಳೆಯ 2ಜಿ, 3ಜಿ ಸಿಮ್ ಇಟ್ಟುಕೊಂಡವರು ಅದನ್ನು 4ಜಿ ಸಿಮ್ ಮಾಡಿಸಿಕೊಳ್ಳಬೇಕು.

ಮೊದಲ ಕೆಲಸ, ಫೋನ್ ಹಿಡಿದು ಮನೆ ಸುತ್ತಲಿನ ಸಿಗ್ನಲ್ ಅಳೆಯುವುದು. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದರೆ, ಐಫೋನಿನಲ್ಲಿ *3001#12345#* ಡಯಲ್ ಮಾಡಿದರೆ ಡಿಬಿಎಂ ಅಂಕಿ ಸಿಗುತ್ತದೆ. ಫೋನಿನ ಮೇಲ್ತುದಿಯ ಸಿಗ್ನಲ್ ಪಟ್ಟಿಗಳನ್ನು ನಂಬಬೇಡಿ, ಅವನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. -95ಕ್ಕಿಂತ ಚೆನ್ನಾಗಿದ್ದರೆ ಸಾಧಾರಣ ರೌಟರನ್ನು ಕಿಟಕಿಯಲ್ಲಿಟ್ಟರೂ ಸಾಕು. -95ರಿಂದ -112ರ ನಡುವೆ ಇದ್ದರೆ ಹೊರಗಿನ ಆಂಟೆನಾ ಬೇಕು. ಅದಕ್ಕೂ ಕೆಳಗಿದ್ದರೆ ಎತ್ತರದ ಜಾಗ ಹುಡುಕಿ.

ಇಲ್ಲಿ ದುಡ್ಡು ಪೋಲಾಗುವುದು ಕೇಬಲಿನಲ್ಲಿ. ಆಂಟೆನಾವನ್ನು ಮಾಡಿನ ಮೇಲೆ ಕಟ್ಟಿ, ಹತ್ತು ಮೀಟರ್ ಸಪೂರ ಆರ್‌ಜಿ-58 ಕೇಬಲಿನಲ್ಲಿ ರೌಟರಿಗೆ ತರುತ್ತಾರೆ. ಆ ಕೇಬಲ್ 900 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡಿಬಿ ತಿನ್ನುತ್ತದೆ, 1800ರಲ್ಲಿ ಇನ್ನೂ ಹೆಚ್ಚು. ಆಂಟೆನಾ ಗಳಿಸಿಕೊಟ್ಟ 8 ಡಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಯಿತು. ಅಷ್ಟೇ ಉದ್ದದ ದಪ್ಪ ಎಲ್‌ಎಂಆರ್-400 ಕೇಬಲಿನಲ್ಲಿ ನಷ್ಟ 1.3 ಡಿಬಿ, ಬೆಲೆ ಮಾತ್ರ ಹಲವು ಪಟ್ಟು. ಇದಕ್ಕಿಂತ ಒಳ್ಳೆಯ ಉಪಾಯ, ಸಿಮ್ ಹಾಕುವ ರೌಟರೇ ಹೊರಗಿರುವ ಮಾದರಿ ಕೊಳ್ಳುವುದು. ಆಂಟೆನಾ ಅದರೊಳಗೇ ಇರುತ್ತದೆ, ಕೆಳಗೆ ಈಥರ್ನೆಟ್ ತಂತಿ ಇಳಿಯುತ್ತದೆ, ನೂರು ಮೀಟರ್ ದೂರದವರೆಗೂ ನಷ್ಟದ ಚಿಂತೆ ಇಲ್ಲ. ಮನೆ ತಗ್ಗಿನಲ್ಲಿದ್ದು ತೋಟದ ದಿಣ್ಣೆಯಲ್ಲಿ ಸಿಗ್ನಲ್ ಬರುವವರಿಗೆ ಇದೇ ಸೂಕ್ತ. ಹೊರ ಆಂಟೆನಾವನ್ನೇ ಹಾಕುವುದಾದರೆ ಎರಡು ಹಾಕಿ, ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. 4ಜಿ ಎರಡು ಹರಿವುಗಳಲ್ಲಿ ಬರುತ್ತದೆ, ಒಂದೇ ಆಂಟೆನಾದಿಂದ ಅರ್ಧ ವೇಗ ಮಾತ್ರ.

ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ಸಿಗುವ ಮೊಬೈಲ್ ಬೂಸ್ಟರ್ ಬೇಡ. ಖಾಸಗಿಯವರು ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಅಲ್ಲದೆ ಅದು ಟವರಿನ ಕಡೆಗೆ ಗದ್ದಲ ಎರಚಿ ಸುತ್ತಮುತ್ತ ಎಲ್ಲರ ಸಿಗ್ನಲ್ ಕೆಡಿಸುತ್ತದೆ. ಮನೆಯೊಳಗೆ ಕರೆ ಬರಬೇಕೆಂಬುದಷ್ಟೇ ನಿಮ್ಮ ಅಗತ್ಯವಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಜಿಯೋ, ಏರ್‌ಟೆಲ್‌ಗಳಲ್ಲಿ ಇದಕ್ಕೆ ಬೇರೆ ಶುಲ್ಕ ಇಲ್ಲ.

ಉಪಗ್ರಹ ಇಂಟರ್ನೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಪರವಾನಗಿ ಸಿಕ್ಕಿದೆ. ಫೈಬರ್ ಬರಬಹುದಾದ ಮನೆಗೆ ಅದು ಉತ್ತರವಲ್ಲ, ಏನೂ ಬಾರದ ಎಸ್ಟೇಟಿಗೆ ಆದೀತು.

ಕೈಯಲ್ಲಿನ ಫೋನ್

ಹೊಸ ಫೋನ್ ಕೊಳ್ಳುವಾಗ 5ಜಿ ಎಂದು ಬರೆದಿದ್ದರೆ ಸಾಲದು. ಜಿಯೋದ 5ಜಿ ಸ್ವತಂತ್ರ ಜಾಲ, ಅಂದರೆ ಎಸ್‌ಎ. 4ಜಿಯ ಆಸರೆ ಇಲ್ಲದೆ ತನ್ನದೇ ಕೋರಿನ ಮೇಲೆ ನಡೆಯುತ್ತದೆ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಹೆಗಲ ಮೇಲೆ 5ಜಿ ಕೂರಿಸುವ ಎನ್‌ಎಸ್‌ಎ ವಿಧಾನದಲ್ಲಿ. ಫೋನಿನಲ್ಲಿ ಎರಡಕ್ಕೂ ಬೆಂಬಲ ಇರಬೇಕು. ಬ್ಯಾಂಡ್ ಪಟ್ಟಿಯಲ್ಲಿ ಎನ್78 ಹೇಗೂ ಇರುತ್ತದೆ, 700 ಮೆಗಾಹರ್ಟ್ಸ್‌ನ ಎನ್28 ಇದೆಯೇ ಹುಡುಕಿ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಕೊಂಡ ಏಕೈಕ ಕಂಪನಿ ಜಿಯೋ. ಹಳ್ಳಿಯಲ್ಲಿ, ಕಟ್ಟಡದೊಳಗೆ ಅದರ 5ಜಿ ಫೋನಿಗೆ ತಾಗುವುದು ಬಹುಮಟ್ಟಿಗೆ ಈ ಬ್ಯಾಂಡಿನಲ್ಲೇ. ಇಲ್ಲಿ 5ಜಿ ಬರುವ ಮೊದಲೇ, 2020-21ರಲ್ಲಿ ಮಾರಾಟವಾದ ಕೆಲವು ಮಾದರಿಗಳಲ್ಲಿ ಎನ್28 ಇಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇಲ್ಲೇ ಬೀಳುತ್ತಾರೆ. ವೊಡಾಫೋನ್ ಐಡಿಯಾದ 5ಜಿ ಬೆಂಗಳೂರಿಗೆ ಬಂದದ್ದು 2025ರಲ್ಲಿ, ಹೊರಗಿನ ಊರಿನವರು ಅವರ ಜಾಲತಾಣದ ನಕ್ಷೆ ನೋಡಿಯೇ ನಿರ್ಧರಿಸಲಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಈಗ ಎಲ್ಲ ಕಂಪನಿಗಳೂ ವ್ಯಾಪ್ತಿಯ ನಕ್ಷೆ ಪ್ರಕಟಿಸಬೇಕು. ನಕ್ಷೆಯ ಬಣ್ಣ ಬಯಲಿನ ಸಿಗ್ನಲ್‌ನದು, ಮನೆಯೊಳಗಿನದಲ್ಲ ಎಂಬುದನ್ನು ನೆನಪಿಟ್ಟುಕೊಂಡು ನೋಡಿ.

ಪಂಪ್‌ಸೆಟ್ಟಿನ ಸಿಮ್

ಈ ಬದಲಾವಣೆಯಲ್ಲಿ ರೈತರ ಮನೆಯಲ್ಲಿ ಮರೆತುಹೋಗುವ ಒಂದು ಸಿಮ್ ಇದೆ, ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರಿನೊಳಗಿನದು. ಫೋನ್ ಮಾಡಿ ಮೋಟಾರ್ ಆನ್ ಮಾಡುವ ಹಳೆಯ ಸ್ಟಾರ್ಟರ್‌ಗಳಲ್ಲಿ ಬಹುಪಾಲು 2ಜಿ ಮಾಡ್ಯೂಲ್ ಇರುತ್ತದೆ. ಜಿಯೋಗೆ 2ಜಿ ಜಾಲವೇ ಇಲ್ಲ. ಮನೆಯವರೆಲ್ಲ ಜಿಯೋಗೆ ಪೋರ್ಟ್ ಆಗುವಾಗ ಇದನ್ನೂ ಸೇರಿಸಿದರೆ ಮೋಟಾರ್ ಮಾತು ಕೇಳುವುದಿಲ್ಲ. ಏರ್‌ಟೆಲ್, ವೊಡಾಫೋನ್ ಐಡಿಯಾ, ಬಿಎಸ್‌ಎನ್‌ಎಲ್‌ಗಳಲ್ಲಿ 2ಜಿ ಇನ್ನೂ ಇದೆ. ಜಮೀನಿನಲ್ಲಿ ಯಾವುದು ಸಿಗುತ್ತದೆ ಎಂದು ಹಳೆಯ ಕೀಪ್ಯಾಡ್ ಫೋನಿಗೆ ಸಿಮ್ ಹಾಕಿ ನೋಡಿ. ಡೇಟಾ ಇಲ್ಲದ ಕರೆ, ಎಸ್‌ಎಂಎಸ್‌ನ ಪ್ಯಾಕ್ ಹಾಕಿಸಿದರೆ ಸಾಕು. ವ್ಯಾಲಿಡಿಟಿ ಮುಗಿಯುವ ದಿನವನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೇ ಬರೆದು ಅಂಟಿಸಿ.

ಹೊಸ ಸ್ಟಾರ್ಟರ್ ಕೊಳ್ಳುವುದಾದರೆ 4ಜಿ ಮಾಡ್ಯೂಲಿನದನ್ನೇ ಕೊಳ್ಳಿ. ಅದರಲ್ಲೂ ಒಂದು ಕೇಳಬೇಕು: ಕರೆ ಮಾಡಿ ನಡೆಸುವುದೋ, ಆ್ಯಪ್‌ನಿಂದ ನಡೆಸುವುದೋ. ಕರೆಯದಾದರೆ ಮಾಡ್ಯೂಲಿಗೆ VoLTE (4ಜಿಯಲ್ಲೇ ಕರೆ ಸಾಗಿಸುವ ವ್ಯವಸ್ಥೆ) ಬೆಂಬಲ ಇರಲೇಬೇಕು, ಇಲ್ಲದಿದ್ದರೆ 4ಜಿ ಇದ್ದೂ ಕರೆ 2ಜಿಗೇ ಇಳಿಯುತ್ತದೆ. ಆ್ಯಪ್‌ನದಾದರೆ ಡೇಟಾ ಪ್ಯಾಕ್ ಬೇಕು, ಕಂಪನಿಯ ಸರ್ವರ್ ನಡೆಯುತ್ತಿರಬೇಕು, ಆ ಸರ್ವರಿನ ವಾರ್ಷಿಕ ಶುಲ್ಕ ಎಷ್ಟೆಂದು ಅಂಗಡಿಯಲ್ಲೇ ಬರೆಸಿಕೊಳ್ಳಿ. ಆಂಟೆನಾವನ್ನು ತಗಡಿನ ಪೆಟ್ಟಿಗೆಯ ಹೊರಗೆ ತೆಗೆದು ಕಟ್ಟಿಸಿ. ಒಳಗಿಟ್ಟರೆ ಯಾವ ಜಾಲವೂ ತಾಗುವುದಿಲ್ಲ.